ಮುಚ್ಚಳಿಕೆ ಎಂಬ ಉಪಕಾರ

ಶನಿವಾರ ಸಂಜೆ ಆರೂವರೆ ಇರಬೇಕು. ಪಕ್ಕದ ಮನೆಯಾಕೆ ಗೇಟಿನ ಬಳಿ ನಿಂತು ಕೂಗಿದರು. "ಅಣ್ಣ, ನೀವು ಪೇಪರಿಗೆ ಬರೆಯೋರು, ನಾಲ್ಕು ಮಾತು ಆಡೋಕೆ ಗೊತ್ತಿರುತ್ತೆ. ಒಸಿ ಬನ್ನಿ. ನಮ್ಮ ಹುಡುಗನ್ನ ಮಾಲಲ್ಲಿ ಹಿಡಿದು ಕೂರಿಸಿದ್ದಾರಂತೆ." ಹುಡುಗ ಪ್ರಥಮ ಪಿಯುಸಿ, ಹದಿನಾರು ತುಂಬಿ ಎರಡು ತಿಂಗಳು. ಆಟೊ ಹತ್ತಿದಾಗಿನಿಂದ ಇಳಿಯುವವರೆಗೂ ಆಕೆಯ ಬಾಯಲ್ಲಿ ಒಂದೇ ಮಾತು: "ಕೇಸು ಗೀಸು ಆಗದಿದ್ರೆ ಸಾಕು."

ಮಾಲ್‌ನ ಮೇಲಿನ ಅಂತಸ್ತುಗಳನ್ನು ಎಲ್ಲರೂ ನೋಡಿರುತ್ತಾರೆ. ನೆಲಮಾಳಿಗೆಯ ಸೆಕ್ಯುರಿಟಿ ರೂಮನ್ನು ನೋಡಿದವರು ಕಡಿಮೆ. ಪಾರ್ಕಿಂಗಿನ ಹೊಗೆ ವಾಸನೆ, ತಲೆಯ ಮೇಲೆ ನೀರಿನ ಪೈಪು, ಗೋಡೆಗೆ ನೇತುಹಾಕಿದ ನಾಲ್ಕು ನೀಲಿ ಅಂಗಿ, ಸಿಸಿಟಿವಿ ಪರದೆ, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಹುಡುಗನೂ ಅವನ ಗೆಳೆಯನೂ ನೆಲದ ಮೇಲೆ ಕೂತಿದ್ದರು. ಮಧ್ಯಾಹ್ನ ಮೂರೂವರೆಯಿಂದ ಅಲ್ಲೇ ಇದ್ದರಂತೆ. ಮೇಜಿನ ಮೇಲೆ 249 ರೂಪಾಯಿಯ ಬಾಡಿ ಸ್ಪ್ರೇ ಬಾಟಲಿ. ಅದನ್ನು ಚೀಲಕ್ಕೆ ಹಾಕಿಕೊಂಡವನು ಗೆಳೆಯ, ನಮ್ಮವನು ಪಕ್ಕದಲ್ಲಿದ್ದವನು. ಸಮವಸ್ತ್ರದಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬರು ಅಷ್ಟರಲ್ಲಿ ಬಂದಿದ್ದರು. ನಮ್ಮೆದುರೇ ಇಬ್ಬರಿಗೂ ಬಸ್ಕಿ ಹೊಡೆಸಿದರು. ಆಮೇಲೆ ಬಿಳಿ ಹಾಳೆ ತರಿಸಿ, ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ, ಮಾಡಿದಲ್ಲಿ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ ಎಂದು ಹುಡುಗರ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು. ಬಾಟಲಿ ಹಿಡಿದು ನಿಲ್ಲಿಸಿ ಸೂಪರ್‌ವೈಸರ್ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡ. ಅಲ್ಲಿಗೆ ಮುಗಿಯಿತು. ತಾಯಿ ಕೈಮುಗಿದು "ದೊಡ್ಡ ಉಪಕಾರ ಆಯ್ತು ಸಾರ್" ಎಂದರು. ನಾನೂ ಥ್ಯಾಂಕ್ಸ್ ಹೇಳಿದೆ.

ಯಾಕೆ ಹೇಳಿದೆ ಎಂದು ನನ್ನನ್ನು ನಾನು ಕೇಳಿಕೊಂಡಿದ್ದು ತಿಂಗಳೊಪ್ಪತ್ತಿನ ನಂತರ, ಬಾಲನ್ಯಾಯ ಕಾಯ್ದೆಯನ್ನೂ ಅದರ ನಿಯಮಗಳನ್ನೂ ಓದಲು ಕೂತಾಗ. ನಾವು ಉಪಕಾರ ಎಂದುಕೊಂಡಿದ್ದು, ಅಂದರೆ ಎಫ್‌ಐಆರ್ ಇಲ್ಲದೆ ಮನೆಗೆ ಬಂದದ್ದು, ಆ ಹುಡುಗನಿಗೆ ಕಾನೂನೇ ಕೊಟ್ಟಿದ್ದ ಹಕ್ಕು. ಆ ಉಪಕಾರಕ್ಕೆ ಪ್ರತಿಯಾಗಿ ನಾವು ತೆತ್ತ ಬಸ್ಕಿ, ಸಹಿ, ಫೋಟೊ ಈ ಮೂರಕ್ಕೂ ಅದೇ ಕಾನೂನಿನಲ್ಲಿ ಜಾಗವಿಲ್ಲ.

ಮೊದಲು ಜಾಗದ ಪ್ರಶ್ನೆ. ಮಾಲ್ ಯಾರದು? 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ಬಾಗಿಲು ತೆರೆದಾಗ ಬೆಂಗಳೂರಿಗೆ ಅದೊಂದು ಸೋಜಿಗ. ಅಲ್ಲಿಯವರೆಗೆ ಹುಡುಗರು ಹರಟಲು ಕಬ್ಬನ್ ಪಾರ್ಕಿಗೋ ಬ್ರಿಗೇಡ್ ರಸ್ತೆಗೋ ಬಸವನಗುಡಿಯ ಕಟ್ಟೆಗೋ ಹೋಗುತ್ತಿದ್ದರು. ಅವೆಲ್ಲ ಸರ್ಕಾರದ ಜಾಗ, ಅಂದರೆ ಎಲ್ಲರ ಜಾಗ. ಈಗ ಕಟ್ಟೆಯೂ ಫುಟ್‌ಪಾತೂ ಕಾರಿನ ಪಾಲಾಗಿ, ಕಾಸು ಕೊಡದೆ ತಂಪಾಗಿ ಕೂರಬಹುದಾದ ಜಾಗವೆಂದರೆ ಮಾಲ್‌ನ ಮೆಟ್ಟಿಲು ಎನ್ನುವಂತಾಗಿದೆ. ಎಲ್ಲರಿಗೂ ತೆರೆದ ಬಾಗಿಲು, ಒಬ್ಬರ ಹೆಸರಿನ ಪತ್ರ. ಇಂಥ ಜಾಗವನ್ನು ಕಾನೂನು ಏನೆಂದು ಕರೆಯುತ್ತದೆ?

ಒಂದೇ ಹೆಸರಿನಿಂದ ಕರೆಯುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 43ನೇ ಸೆಕ್ಷನ್ನಿಗೆ ಹೋಟೆಲು, ಅಂಗಡಿ, ಜನ ಬಂದುಹೋಗಬಲ್ಲ ಯಾವ ಜಾಗವಾದರೂ ಸಾರ್ವಜನಿಕ ಸ್ಥಳವೇ. ಖಾಸಗಿ ಕಟ್ಟಡಕ್ಕೆ ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ನುಗ್ಗಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. ಫುಡ್ ಕೋರ್ಟಿಗೆ ಆ ಕಟ್ಟಳೆ ಇಲ್ಲ. 2003ರ ತಂಬಾಕು ಕಾಯ್ದೆಯೂ ಹಾಗೆಯೇ: ಜನರಿಗೆ ಹಕ್ಕಿನಿಂದಲೋ ಹಕ್ಕಿಲ್ಲದೆಯೋ ಪ್ರವೇಶವಿದ್ದರೆ ಸಾಕು, ಅಲ್ಲಿ ಸಿಗರೇಟು ಸೇದುವಂತಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆ ಕೇಳುವುದು ಜನರಿಗೆ ಅಲ್ಲಿ ಬರುವ ಹಕ್ಕು ಇದೆಯೇ ಎಂದು. ಹಾಗಾಗಿ ಅದೇ ಕಟ್ಟಡದ ಬೇಸ್‌ಮೆಂಟಿನಲ್ಲಿ ಹದಿನೈದರ ಪೋರ ಸ್ಕೂಟರ್ ಓಡಿಸಿದರೆ ಅದು ಸಾರ್ವಜನಿಕ ಸ್ಥಳವೇ ಅಲ್ಲವೇ ಎಂದು ವಕೀಲರು ವಾದಿಸಲು ಎಡೆಯಿದೆ. ಗೇಟು ದಾಟಿ ರಸ್ತೆಗೆ ಬಂದರೆ ಮಾತ್ರ ವಾದವಿಲ್ಲ. 2019ರ ತಿದ್ದುಪಡಿ ಸೇರಿಸಿದ 199ಎ ಪ್ರಕಾರ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇದರಿಂದ ತಿಳಿಯಬೇಕಾದದ್ದು ಇಷ್ಟು. "ಇದು ಪ್ರೈವೇಟ್ ಪ್ರಾಪರ್ಟಿ, ಪೊಲೀಸರು ಬರುವ ಹಾಗಿಲ್ಲ" ಎಂಬ ಕಾಲೇಜು ಹುಡುಗರ ಧೈರ್ಯ ಟೊಳ್ಳು. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆ ಎಂದು ನಂಬಲು ಕಾರಣವಿದ್ದರೆ ಜಾಗದ ಉಸ್ತುವಾರಿಯವರೇ ಪೊಲೀಸರನ್ನು ಒಳಗೆ ಬಿಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 44ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆದರೆ ಒಳಗೆ ಬರುವುದು ಒಂದು, ಬಂದ ಮೇಲೆ ಮಕ್ಕಳ ಮೇಲೆ ಏನು ಮಾಡಬಹುದು ಎನ್ನುವುದು ಇನ್ನೊಂದು. ನಮ್ಮ ಗೊಂದಲವೆಲ್ಲ ಈ ಎರಡನ್ನೂ ಒಂದೇ ಎಂದುಕೊಂಡಿರುವುದರಲ್ಲಿದೆ.

ಮಾಲೀಕನ ಅಧಿಕಾರ ಎಷ್ಟು? ಹೊರಗೆ ಹೋಗು ಎನ್ನಬಹುದು. ಅದಕ್ಕೂ ಮಿತಿ ಇಲ್ಲದೇ ಇಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ತಾಣಗಳಿಗೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. ಅಸ್ಪೃಶ್ಯತೆಯ ನೆನಪಿನಲ್ಲಿ ಬರೆದ ಸಾಲು ಅದು. ವಯಸ್ಸು ಆ ಪಟ್ಟಿಯಲ್ಲಿಲ್ಲ, ಬಟ್ಟೆಯೂ ಇಲ್ಲ. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲೊಂದು ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಾಗ ವಿಧಾನಸಭೆಯಲ್ಲಿ ಗದ್ದಲವೆದ್ದು, ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸಿತು. ಪಂಚೆಗೆ ಎದ್ದ ಕೂಗು ಕಾಲೇಜು ಬ್ಯಾಗಿಗೆ ಏಳುವುದಿಲ್ಲ. "ಏನೂ ಕೊಳ್ಳದೆ ಎಷ್ಟೊತ್ತು ಕೂರ್ತೀರೋ, ಏಳ್ರೋ" ಎಂದು ಗಾರ್ಡ್ ಎಬ್ಬಿಸಿದರೆ ಎದ್ದು ಹೋಗುವುದೇ ಲೇಸು.

ಏಳದಿದ್ದರೆ? ಆಗಲೂ ಕೂತದ್ದೇ ಅಪರಾಧವಾಗುವುದಿಲ್ಲ. ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಇನ್ನೊಂದು ಅಪರಾಧ ಮಾಡುವ ಇಲ್ಲವೇ ಬೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಉದ್ದೇಶ ಇರಬೇಕು. ಬಿಸಿಲಿಗೆ ಹೆದರಿ ಕೂತದ್ದು ಉದ್ದೇಶವಲ್ಲ.

ಹೊರಗೆ ಕಳಿಸಬಲ್ಲ ಮಾಲೀಕ ಒಳಗೆ ಕೂಡಿಹಾಕಬಲ್ಲನೇ? ಖಾಸಗಿ ವ್ಯಕ್ತಿಯೂ ಒಬ್ಬರನ್ನು ಹಿಡಿಯಬಹುದು ಎಂಬ ಅವಕಾಶ ನಮ್ಮ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. ಈಗ ಅದು ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಆದರೆ ಅಪರಾಧ ತನ್ನ ಕಣ್ಣೆದುರೇ ನಡೆದಿರಬೇಕು, ಅದು ಜಾಮೀನಿಲ್ಲದ್ದೂ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದೂ ಆಗಿರಬೇಕು, ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳು 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಜಾಮೀನು ಸಿಗುವ, ಪೊಲೀಸರೂ ವಾರಂಟ್ ಇಲ್ಲದೆ ಬಂಧಿಸಲಾಗದ ಅಪರಾಧಗಳ ಸಾಲಿಗೆ ಸೇರಿಸಿವೆ. ಅಂದಮೇಲೆ 249 ರೂಪಾಯಿಯ ಬಾಟಲಿಗೆ ಗಾರ್ಡ್ ಯಾರನ್ನೂ ಬಂಧಿಸುವಂತಿಲ್ಲ. ಇಲ್ಲೊಂದು ಸುಳಿ ಇದೆ ನಿಜ. ಸರಕು ಇಟ್ಟ ಕಟ್ಟಡದಲ್ಲಿ ನಡೆದ ಕಳವು ಎಂದು ನ್ಯಾಯ ಸಂಹಿತೆಯ 305ನೇ ಸೆಕ್ಷನ್ ಹಾಕಿದರೆ ಅದು 7 ವರ್ಷದವರೆಗಿನ ಶಿಕ್ಷೆಯ, ಜಾಮೀನಿಲ್ಲದ ಅಪರಾಧವಾಗಿಬಿಡುತ್ತದೆ. ಅದೇ ಬಾಟಲಿ, ಅದೇ ಕೈ. ಬರೆಯುವ ಸೆಕ್ಷನ್ ಬೇರೆ. ಆದರೆ ಯಾವ ಸೆಕ್ಷನ್ನೂ ನೆಲದ ಮೇಲೆ ಕೂರಿಸಿ ಮೂರು ಗಂಟೆ ಕಾಯಿಸಿ ಎಂದು ಹೇಳುವುದಿಲ್ಲ. ಕಾರಣವಿಲ್ಲದೆ ಕೂಡಿಹಾಕಿದರೆ ಅದೇ 127ನೇ ಸೆಕ್ಷನ್ನಿನ ಅಪರಾಧ, ಒಂದು ವರ್ಷದವರೆಗೆ ಸೆರೆ. ಗಾರ್ಡಿನ ಅಂಗಿ ಎಷ್ಟೇ ಪೊಲೀಸ್ ಅಂಗಿಯಂತೆ ಕಂಡರೂ ಅವನು ಖಾಸಗಿ ವ್ಯಕ್ತಿ. ಹಾಗೆ ಕಾಣುವ ಅಂಗಿ ತೊಡುವುದೂ ತಪ್ಪೆಂದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಹೇಳುತ್ತದೆ.

ಈಗ ಪೊಲೀಸರ ವಿಷಯ. ಹದಿನೆಂಟು ತುಂಬದವರ ಮಟ್ಟಿಗೆ 2015ರ ಬಾಲನ್ಯಾಯ ಕಾಯ್ದೆಯೇ ದೊಡ್ಡದು. ಹಿಡಿಯುವುದು, ಕರೆದೊಯ್ಯುವುದು, ವಿಚಾರಿಸುವುದು ಎಲ್ಲದರಲ್ಲೂ ಉಳಿದ ಕಾನೂನುಗಳನ್ನು ಮೀರಿ ಇದು ನಡೆಯಬೇಕು. ಇದರಡಿ ಕೇಂದ್ರ ರೂಪಿಸಿದ 2016ರ ಮಾದರಿ ನಿಯಮಗಳಲ್ಲಿ 8ನೆಯದನ್ನು ಮಕ್ಕಳಿರುವ ಪ್ರತಿ ಮನೆಯವರೂ ಒಮ್ಮೆ ಓದಬೇಕು. ಕೊಲೆ, ಅತ್ಯಾಚಾರದಂಥ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆಗೂಡಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತೆಯೇ ಇಲ್ಲ. ಠಾಣೆಯ ಡೈರಿಯಲ್ಲಿ ಒಂದು ನಮೂದು, ಮಗುವಿನ ಮನೆ, ಶಾಲೆ, ಹಿನ್ನೆಲೆ ಕುರಿತ ಒಂದು ಸಾಮಾಜಿಕ ವರದಿ, ಅದನ್ನು ಬಾಲನ್ಯಾಯ ಮಂಡಳಿಗೆ ಕಳಿಸುವುದು, ಯಾವತ್ತು ಮಂಡಳಿಯ ಮುಂದೆ ಬರಬೇಕೆಂದು ತಂದೆತಾಯಿಗೆ ತಿಳಿಸುವುದು. ಇಷ್ಟೇ. ಸಣ್ಣ ಅಪರಾಧಗಳಲ್ಲಿ ಮಗುವಿನ ಹಿತಕ್ಕೆ ಅಗತ್ಯವೆನಿಸದ ಹೊರತು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನೇ ಬಳಸಬಾರದು.

ತೆಗೆದುಕೊಂಡರೂ ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, ಬಲ ಪ್ರಯೋಗ ಕೂಡದು, ತಪ್ಪೊಪ್ಪಿಕೊಳ್ಳಲು ಒತ್ತಾಯಿಸಬಾರದು. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಎಎಸ್‌ಐಗಿಂತ ಕಡಿಮೆಯಲ್ಲದ ದರ್ಜೆಯ ಒಬ್ಬರು ಇರಲೇಬೇಕು. ಮಗುವಿನ ಹೊಣೆ ಅವರದು, ಅವರು ಖಾಕಿಯಲ್ಲಲ್ಲ, ಸಾದಾ ಉಡುಪಿನಲ್ಲಿರಬೇಕು. ವಶಕ್ಕೆ ಪಡೆದ 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮತ್ತು ಮಗುವಿನಿಂದ ಯಾವುದೇ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬಾರದು. ಆ ಬಿಳಿ ಹಾಳೆ ನೆನಪಾಯಿತು. "ಇಂಥ ತಪ್ಪು ಮಾಡುವುದಿಲ್ಲ" ಎಂದು ಬರೆದುಕೊಟ್ಟವನು ತಪ್ಪು ಮಾಡಿದ್ದೇನೆಂದು ಒಪ್ಪಿಕೊಂಡಂತೆಯೇ ಅಲ್ಲವೇ? ಬಾಟಲಿ ಮುಟ್ಟದವನೂ ಒಪ್ಪಿಕೊಂಡ.

ಫೋಟೊದ ಕತೆಯೂ ಇದೇ. ಮಗುವಿನ ಗುರುತನ್ನು ಪತ್ರಿಕೆಯಲ್ಲಾಗಲಿ ಬೇರಾವ ಸಂಪರ್ಕ ಮಾಧ್ಯಮದಲ್ಲಾಗಲಿ ಬಯಲುಮಾಡಬಾರದು ಎಂದು 74ನೇ ಸೆಕ್ಷನ್. ಮಾಡಿದರೆ 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂಗಡಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ "ಇವರ ಮೇಲೆ ನಿಗಾ ಇಡಿ" ಎಂದು ಫೋಟೊ ಹಾಕುವ ಮ್ಯಾನೇಜರಿಗೆ ಇದು ತನಗೂ ತಗಲುವ ಕಾನೂನು ಎಂದು ಹೊಳೆಯುವುದೇ ಇಲ್ಲ.

ಪರಿಚಯದ ನಿವೃತ್ತ ಎಎಸ್‌ಐ ಒಬ್ಬರ ಮುಂದೆ ಇದನ್ನೆಲ್ಲ ಇಟ್ಟೆ. ಸಿಟ್ಟಾಗಲಿಲ್ಲ, ನಕ್ಕರು. "ಸಾರ್, ಶನಿವಾರ ಸಂಜೆ ಠಾಣೆಯಲ್ಲಿ ಕೈಗೆ ಸಿಗೋರು ನಾಲ್ಕೈದು ಜನ. ಮಕ್ಕಳ ಅಧಿಕಾರಿ ಅಂತ ಯಾರ ಹೆಸರಿರುತ್ತೋ ಅವರು ಬಂದೋಬಸ್ತಿಗೆ ಹೋಗಿರ್ತಾರೆ. ರೂಲ್ ಪ್ರಕಾರ ಹೋದ್ರೆ ವರದಿ, ಬೋರ್ಡು, ಡೇಟು. ಆ ತಾಯಿ ಕೂಲಿ ಬಿಟ್ಟು ಎಷ್ಟು ಸಲ ಓಡಾಡಬೇಕು? ಎರಡು ಬಸ್ಕಿ ಹೊಡೆಸಿ ಬುದ್ಧಿ ಹೇಳಿ ಕಳಿಸಿದ್ರೆ ಹುಡುಗನಿಗೇ ಒಳ್ಳೇದಲ್ವಾ?"

ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರೆ. ಆ ಸಂಜೆ ಆ ತಾಯಿಯ ಮುಂದೆ ಮಂಡಳಿಯನ್ನೂ ಮುಚ್ಚಳಿಕೆಯನ್ನೂ ಇಟ್ಟಿದ್ದರೆ ಆಕೆ ಕಣ್ಣುಮುಚ್ಚಿ ಮುಚ್ಚಳಿಕೆಯನ್ನೇ ಆರಿಸುತ್ತಿದ್ದರು. ಆದರೆ ಗದರಿಸಿ, ಬುದ್ಧಿ ಹೇಳಿ ಮನೆಗೆ ಕಳಿಸುವ ದಾರಿ ಕಾಯ್ದೆಯಲ್ಲೇ ಇದೆ, 18ನೇ ಸೆಕ್ಷನ್ನಿನ ಮೊದಲ ಉಪಾಯವೇ ಅದು. ಅದನ್ನು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರುವ ಮಂಡಳಿಯ ಕೈಗೆ ಕೊಟ್ಟಿದ್ದಾರೆ. ವಿಚಾರಣೆ ನಡೆದ ಮೇಲೆ, ತಂದೆತಾಯಿಗೂ ಸಮಾಲೋಚನೆ ಮಾಡಿದ ಮೇಲೆ ಹಾಗೆ ಕಳಿಸಬಹುದು. ಅಷ್ಟೇ ಅಲ್ಲ, ಮಂಡಳಿಯ ದಾಖಲೆ ಮಗುವಿನ ಮುಂದಿನ ಓದಿಗೆ, ಕೆಲಸಕ್ಕೆ ಅಡ್ಡಬರಬಾರದು, ಮೇಲ್ಮನವಿಯ ಅವಧಿ ಕಳೆದ ಮೇಲೆ ಅದನ್ನು ನಾಶಪಡಿಸಬೇಕು ಎಂದು 24ನೇ ಸೆಕ್ಷನ್. ಬಿಳಿ ಹಾಳೆಯ ಮುಚ್ಚಳಿಕೆಗೆ ಅಂಥ ಆಯಸ್ಸಿನ ಲೆಕ್ಕವಿಲ್ಲ. ಯಾವ ಡ್ರಾಯರಿನಲ್ಲಿದೆ, ಯಾವಾಗ ಹೊರಬರುತ್ತದೆ, ಯಾರಿಗೂ ತಿಳಿಯದು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಸಿಬ್ಬಂದಿ ಕೊರತೆ ನಿಜ. ಅದರ ಬೆಲೆಯನ್ನು ಹದಿನಾರರ ಹುಡುಗನ ಮೊಣಕಾಲಿನಿಂದ ವಸೂಲಿ ಮಾಡುವುದು ನ್ಯಾಯವಲ್ಲ. ಮಗುವನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಂಡವರು ಹಿಂಸಿಸಿದರೆ 3 ವರ್ಷದವರೆಗೆ ಸೆರೆ ಎನ್ನುವ 75ನೇ ಸೆಕ್ಷನ್ನಿನಲ್ಲಿ ಪೊಲೀಸರನ್ನು ಹೊರಗಿಟ್ಟಿಲ್ಲ.

ಇನ್ನು ಅಪರಾಧವೇ ಇಲ್ಲದ ಸಂದರ್ಭ. ಬೆಳಗ್ಗೆ ಹನ್ನೊಂದಕ್ಕೆ ಯೂನಿಫಾರಂ ತೊಟ್ಟ ಹುಡುಗ, ಹುಡುಗಿ ಐಸ್‌ಕ್ರೀಂ ಪಾರ್ಲರಿನಲ್ಲಿ ಕೂತಿದ್ದಾರೆ. ಕ್ಲಾಸ್ ತಪ್ಪಿಸಿದ್ದು ಮನೆಯವರು, ಮೇಷ್ಟರು ನೋಡಿಕೊಳ್ಳಬೇಕಾದ ವಿಷಯ, ಪೊಲೀಸರದಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ರಾತ್ರಿ ನಿರ್ಬಂಧದ ಕಟ್ಟಳೆಯಿದೆ, ಮಿನೆಸೋಟದ ಮಾಲ್ ಆಫ್ ಅಮೆರಿಕ 1996ರಲ್ಲೇ ಶುಕ್ರವಾರ, ಶನಿವಾರದ ಸಂಜೆ ಹದಿನಾರು ತುಂಬದವರು ದೊಡ್ಡವರೊಬ್ಬರ ಜೊತೆಯಲ್ಲೇ ಬರಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ಕಾನೂನಿನ ಜಾಗದಲ್ಲಿ ಕೂತಿರುವುದು ಊರಿನ ಕಣ್ಣು. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ನುಗ್ಗಿ ಹೊಡೆದದ್ದನ್ನು ಟಿವಿಯಲ್ಲಿ ಕಂಡವರು ಮರೆತಿರಲಾರರು.

ಹೀಗೆ ಗುಂಪು ಸೇರಿದಾಗ ಪೊಲೀಸರು ಗುಂಪನ್ನು ಚದುರಿಸುವುದಕ್ಕಿಂತ ಮಕ್ಕಳನ್ನು ಜೀಪು ಹತ್ತಿಸುವುದೇ ಸಲೀಸು ಎಂದುಕೊಳ್ಳುವುದುಂಟು. "ಸುರಕ್ಷತೆಗಾಗಿ ಠಾಣೆಗೆ ಕರೆತಂದೆವು" ಎನ್ನುತ್ತಾರೆ. ರಕ್ಷಣೆ ಎಂಬ ಈ ಬಾಗಿಲು ಕಾಯ್ದೆಯಲ್ಲೂ ಇದೆ. ಮನೆ ಬಿಟ್ಟು ಬಂದ, ಭಿಕ್ಷೆಗೆ ನಿಂತ, ದುಡಿಮೆಗೆ ಹಚ್ಚಿದ, ಸಾಗಣೆದಾರರ ಕೈಗೆ ಬೀಳಬಹುದಾದ ಮಗುವನ್ನು ಕಂಡರೆ ಪೊಲೀಸರು ಜಾಗ ಯಾರದೆಂದು ನೋಡದೆ ಕರೆದೊಯ್ಯಬೇಕು. ಅದು ಅವರ ಕರ್ತವ್ಯ. ಆದರೆ ಆ ಬಾಗಿಲೂ ತೆರೆಯುವುದು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ. ಹುಡುಗಿಯ ಅಪ್ಪನನ್ನು ಠಾಣೆಗೆ ಕರೆಸಿ, ಎಲ್ಲರೆದುರು ನಿಲ್ಲಿಸಿ, ಪಂಚಾಯ್ತಿ ಮಾಡುವುದಕ್ಕಲ್ಲ. ಅಲ್ಲಿಂದ ಮನೆಗೆ ಹೋದ ಹುಡುಗಿಯ ಓದು ಎಷ್ಟು ದಿನ ಉಳಿಯಿತು ಎಂದು ಯಾವ ಡೈರಿಯಲ್ಲೂ ನಮೂದಾಗುವುದಿಲ್ಲ.

ಬಾರು, ಪಬ್ಬಿನ ಬಗ್ಗೆ ಒಂದೇ ಮಾತು: ಅಲ್ಲಿ ಮಕ್ಕಳು ಸಿಕ್ಕರೆ ಕಾನೂನಿನ ಕಣ್ಣು ಬೀಳಬೇಕಾದದ್ದು ಮಕ್ಕಳ ಮೇಲಲ್ಲ, ಸುರಿದುಕೊಟ್ಟವರ ಮೇಲೆ. ಹದಿನೆಂಟು ತುಂಬದವರಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ 7 ವರ್ಷದವರೆಗೆ ಕಠಿಣ ಸೆರೆ, 1 ಲಕ್ಷದವರೆಗೆ ದಂಡವಿದೆ.

ಮೊನ್ನೆ ಪಕ್ಕದ ಮನೆಯಾಕೆ ಮತ್ತೆ ಗೇಟಿನ ಬಳಿ ನಿಂತಿದ್ದರು. ನಾನು ಓದಿದ್ದನ್ನು ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಹಾಗಾದ್ರೆ ಆ ಪೇಪರ್ ವಾಪಸ್ ಇಸ್ಕೊಬಹುದಾ ಅಣ್ಣ?" ಠಾಣೆಯ ಇನ್‌ಸ್ಪೆಕ್ಟರಿಗೆ ಒಂದು, ಮಾಲ್‌ನ ಮ್ಯಾನೇಜರಿಗೆ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ. ಮುಚ್ಚಳಿಕೆ ಹಿಂದಿರುಗಿಸಿ, ಫೋಟೊ ಅಳಿಸಿ ಎಂದು.

ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ನಿಮ್ಮ ಬಡಾವಣೆಯ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಈ ವಾರ ಒಮ್ಮೆ ಹೋಗಿ ಕೇಳಿ, ಹೆಸರು, ನಂಬರು ಬರೆದಿಟ್ಟುಕೊಳ್ಳಿ. ಮಕ್ಕಳ ಫೋನಿನಲ್ಲಿ 1098 ಇರಲಿ. ಮಾಲ್‌ನಿಂದ ಫೋನ್ ಬಂದರೆ ಓಡಿ ಹೋಗಿ, ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ, ಯಾವ ಬಿಳಿ ಹಾಳೆಗೂ ಅದರ ಸಹಿ ಹಾಕಿಸಬೇಡಿ.